ಸಲಿಕಿ

ಕಾರಟಗಿ ಬಸ್‌ಸ್ಟ್ಯಾಂಡಿನಾಗ ಇನ್ನೂ ಕತ್ತಲಿ.
ಹಂಪಮ್ಮ ನನಗಿಂತ ಮೊದಲ ಬಂದು
ಎರಡು ಸೀಟಿಗೆ ಟವೆಲ್ ಹಾಸ್ಯಾಳ,
ಕಿಟಕಿ ಕಡಿದು ನನಗ.
ಸಣ್ಣಾಕಿ ಇದ್ದಾಗಿಂದ ಬಸ್ಸು ಹತ್ತಿದ್ರ ನನಗ ವಾಂತಿ,
ಅದನ್ನ ಮರೆತಿಲ್ಲ ಅಕಿ.

ಒಂದ ಚಪ್ಪರದಾಗ ಒಂದ ದಿನ
ಅಣ್ಣಗ ನನ್ನ ಕೊಟ್ರು, ತಮ್ಮಗ ಅಕಿನ್ನ.
ಈಗ ನಾ ಸತ್ತವನ ಹೆಂಡ್ತಿ,
ಅಕಿ ಕೊಂದವನ ಹೆಂಡ್ತಿ.
"ಅಕ್ಕ-ತಂಗಿ ಏನವ್ವ? ಮಾರಿ ಒಂದ ಥರ ಐತಿ"
ಅಂದ ಕಂಡಕ್ಟರ್.
ಆಧಾರ್ ಕಾರ್ಡು ತೋರಿಸಿ
ಸೊನ್ನಿ ರೂಪಾಯಿ ಟಿಕೇಟು ತಗೊಂಡ್ವಿ.

ಜಗಳ ಎಕರೆಗಲ್ಲ.
ಎಕರೆ ಪಾಲು ಮಾವ ಇದ್ದಾಗ ಮುಗಿದಿತ್ತು,
ಹಗ್ಗ ಹಿಡಿದು, ಹಿರ್ಯಾರ ಕುಂತು.
ತೂಬಿನ ಬಾಯಿ ನಮ್ಮ ಬದುವಿನಾಗ ಉಳೀತು.
ಕಾಗದದಾಗ ತೂಬು ಬರಿಯೂದು
ಯಾರಿಗೂ ನೆನಪಾಗಲಿಲ್ಲ.
ನಮ್ಮ ಮಡಿ ದಾಟೇ ನೀರು ಅವರ ಮಡಿಗೆ ಹೋಗಬೇಕು.
ಹನ್ನೊಂದು ವರ್ಷ ಹೋತು.
ಒಂದ ವರ್ಷ ನಿಂತಿತು.

ನೆಲ್ಲು ಹಚ್ಚಿ ಮೂರು ದಿನ. ರಾತ್ರಿ. ಕಪ್ಪಿ ಒದರ್ತಿದ್ವು.
ಗಂಡಗ ಬುತ್ತಿ ಒಯ್ದಾಕಿ ನಾನು,
ಹೆಗಲ ಮ್ಯಾಲ ಸಲಿಕಿ.
"ತೂಬು ಕಾಯಬೇಕು, ಅದನ್ನೂ ತಗೊಂಬಾ" ಅಂದಿದ್ದ ಪಾಮಣ್ಣ.
ಅಂವನ ಅಂಗೈಗೆ ಬೊಬ್ಬಿ ಎದ್ದಾವಂತ
ಹಿಡಿಕಿಗೆ ಸೈಕಲ್ ಟ್ಯೂಬು ಸುತ್ತಿದ್ದೆ.
ಕೆಸರಿನಾಗ ಅದನ್ನ ಊರಿ, ಬುತ್ತಿ ಬಿಚ್ಚಿದೆ.

ಯಂಕೋಬ ಬಂದಾಗ
ಅಂವನ ಕೈಯಾಗ ಬ್ಯಾಟರಿ ಇತ್ತು.
ಬ್ಯಾಟರಿ ಅಷ್ಟ.
ಉಣ್ಣೂದು ಬಿಟ್ಟು ಎದ್ದಾಂವ ನನ್ನ ಗಂಡ.
ಸಲಿಕಿ ಕಿತ್ತಾಂವ ನನ್ನ ಗಂಡ.
ಆಮ್ಯಾಲ ಅದು ಯಾರ ಕೈಯಾಗಿತ್ತು ಅನ್ನೂದು ಮಾತ್ರ
ಊರಿಗೆಲ್ಲ ಗೊತ್ತು.

ಗಂಗಾವತಿ ಕೋರ್ಟಿನಾಗ ನಾ ಹಿಂಗ ಹೇಳಲಿಲ್ಲ.
"ಮನಿಯಿಂದನ ಸಲಿಕಿ ತಂದಿದ್ದ, ಬಂದವನ ಹೊಡೆದ."
ಸ್ಟೇಷನ್ ರೈಟರ್ ಮೂರು ಸಲ ಓದಿ ಹೇಳಿಸಿದ್ದ.
ಅಂವಂದಷ್ಟ ತಪ್ಪು ಅನ್ನಲೇನು?
ಬಳಿ ಒಡೆದ ಕೈ ಇನ್ನೂ ಉರೀತಿತ್ತು.
ಹೂಂ ಅನ್ನೂದು ಅಳೂದಕ್ಕಿಂತ ಹಗೂರ ಇತ್ತು.
ಸಲಿಕಿಗೆ ಚೀಟಿ ಕಟ್ಟಿ ನನ್ನ ಮುಂದ ಹಿಡಿದ್ರು.
ಟ್ಯೂಬು ಹಂಗ ಇತ್ತು, ನಾ ಹಾಕಿದ್ದ ಗಂಟು.
"ಇದು ಯಾರದು?"
"ಅವರದು."

ಯಂಕೋಬಗ ಜೀವಾವಧಿ ಆತು.
ಆರು ವರ್ಷ ಆತು, ನಾ ತೂಬು ಮುಚ್ಚಿಲ್ಲ.
ಹಂಪಮ್ಮನ ಮಡಿ ನಮ್ಮದಕ್ಕಿಂತ ಮೊದಲ ಹಸರಾಗತೈತಿ.

ಧಾರವಾಡದಾಗ ಸಾಕ್ಷಿ ಕೇಳೂದಿಲ್ಲಂತ.
ಅಲ್ಲಿ ಕಾಗದ ಮಾತಾಡ್ತಾವ.
ವಕೀಲರ ಇಂಗ್ಲೀಷಿನ ನಡುವ
"ಪಿ.ಡಬ್ಲ್ಯೂ. ಟೂ, ಪಿ.ಡಬ್ಲ್ಯೂ. ಟೂ" —
ಅದು ನಾನಂತ.
ಒಂದ ಸಲ "ಸಲಿಕೆ" ಅಂದ್ರು, ನಮ್ಮ ಮಾತಿನಾಗ.
ಸಾಹೇಬ್ರು ಪುಟ ಹಿಂದಕ್ಕ ತಿರುವಿದ್ರು.
ಆರೋಪಿ ತಂದಿದ್ದೋ? ಅಲ್ಲೇ ಇತ್ತೋ?
ಸರ್ಕಾರಿ ವಕೀಲ ಎದ್ದು ನನ್ನ ಸಾಲು ಓದಿದ.

ಹಿಂದಿನ ಬೆಂಚಿನಾಗ ನಾನೂ ಎದ್ದು ನಿಂತಿದ್ದೆ.
ಯಾವಾಗ ಎದ್ದೆ, ಗೊತ್ತಿಲ್ಲ.
ದಲಾಯತ ಬಂದ, ಮೆಲ್ಲಕ:
"ಕುಂದರ್ರಿ ಅಮ್ಮ. ಸೆಕಿ ಆದ್ರ ಈ ಕಡಿ ಬರ್ರಿ, ಫ್ಯಾನ್ ಐತಿ."
ಕುಂತೆ.
ಫ್ಯಾನಿನ ಕೆಳಗ ಹೋಗಿ ಕುಂತೆ.

ತೀರ್ಪು ಕಾಯ್ದಿಟ್ಟಾರ.

ಬರೂವಾಗ ಕೊಪ್ಪಳದಾಗ ಬಸ್ಸು ಅರ್ಧ ತಾಸು ನಿಂತಿತು.
ಹಂಪಮ್ಮ ಗಂಟು ಬಿಚ್ಚಿದಳು,
ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎರಡು ಉಳ್ಳಾಗಡ್ಡಿ.
"ಬಳ್ಳಾರಿ ಜೈಲಿನಾಗ ಅಂವಗ ತೋಟದ ಕೆಲಸ ಹಚ್ಚಿದ್ರಂತ.
ಸಲಿಕಿ ಮುಟ್ಟಾಕ ಒಲ್ಲೆ ಅಂದನಂತ.
ಈಗ ಅಡಗಿ ಮನಿಯಾಗದಾನ."
ನಾ ಏನೂ ಅನಲಿಲ್ಲ.
ರೊಟ್ಟಿ ಮುರಿದು ದೊಡ್ಡ ತುಂಡು ನನ್ನ ಕೈಯಾಗಿಟ್ಟು,
ಉಪ್ಪು ಕಡಿಮಿ ಆಗೇತಿ ಅನ್ನೂವಂಗ ಅಂದಳು:
"ನಮ್ಮ ಮನಿಯಾಗ ಯಾವತ್ತೂ
ಸೈಕಲ್ ಇದ್ದಿಲ್ಲಕ್ಕ."

ಬಸ್ಸು ಹೊಂಟಿತು.
ಕಿಟಕಿಗೆ ಮಾರಿ ಹಚ್ಚಿದೆ.
ವಾಂತಿ ಬಂದಂಗ ಆತು.
ಬರಲಿಲ್ಲ.