ಮೂರು ಖಾನೆ

ಅರ್ಜಿಯಲ್ಲಿ ಮೂರೇ ಖಾನೆ. ಜೂನ್‌ನಿಂದ ಆಗಸ್ಟ್.
ಪೆನ್ಸಿಲಿನಲ್ಲಿ ಬರಿ, ಮನಸ್ಸು ಬದಲಾದೀತು
ಎಂದಿದ್ದ ಮಡಗಾಂವಿನ ಏಜೆಂಟ್.

ಸ್ವಿಸ್ ಸರೋವರದ ದಂಡೆಯ ಹೋಟೆಲು:
ದಿನಕ್ಕೆ ನಲವತ್ತು ಹಾಸಿಗೆಯ ಚಾದರ ಬದಲಿಸುವುದು.
ಫಿನ್‌ಲ್ಯಾಂಡಿನ ಸ್ಟ್ರಾಬೆರಿ ಹೊಲ: ಬಕೆಟ್ಟಿನ ಲೆಕ್ಕದಲ್ಲಿ ಕೂಲಿ.
ನಾರ್ವೆಯ ತುತ್ತತುದಿಯಲ್ಲೊಂದು ಮೀನಿನ ಕಾರ್ಖಾನೆ.
ಸಂಬಳ ಅಲ್ಲೇ ಜಾಸ್ತಿ.

ಐದು ವರ್ಷ ಲಿಂಬೆಸಿಪ್ಪೆ ತಿಕ್ಕಿದ್ದೇನೆ ಈ ಬೆರಳಿಗೆ,
ಕಾಲೇಜು ಬಸ್ಸಿನಲ್ಲಿ ಪಕ್ಕದವಳು ಮೂಗು ಮುರಿಯದಿರಲೆಂದು.
ಮತ್ತೆ ಮೀನೇ?

ಶ್ರೀಲತಾ ಗುನಗಿ ಸ್ವಿಸ್ ಅಂದಳು, ಫೋಟೋ ಚಂದ ಬರ್ತದೆ.
ಅಪ್ಪ ಏನೂ ಅನ್ನಲಿಲ್ಲ.
ನಾನು ಹೋಗುವ ಹೊತ್ತಿಗೆ ಬೈತಖೋಲದಲ್ಲಿ ಬೋಟು ನಿಂತಿರುತ್ತವೆ,
ಹರಿದ ಬಲೆಯ ಎದುರು ಅವನೂ.

ಅಲ್ಲಿ ಬೇಸಿಗೆಯಲ್ಲಿ ಕತ್ತಲೇ ಆಗೂದಿಲ್ಲವಂತೆ, ಎಂದೆ ಆಯಿಗೆ.
ಸಂತೆಯಿಂದ ಬಂದವಳು, ಬುಟ್ಟಿ ಕವುಚಿ ಕೂತು
ಉಳಿದ ಸೀಗಡಿ ಸುಲಿಯುತ್ತಿದ್ದಳು.
ಆರೇಳು ಸುಲಿದಾದ ಮೇಲೆ ಕೇಳಿದಳು:
"ಕತ್ತಲಾಗದಿದ್ರೆ, ಮಗಾ,
ಅಲ್ಲಿ ಹೆಂಗಸರು ಮನೆಗೆ ಹೋಗೂದು ಯಾವಾಗ?"

ಏಜೆಂಟಿನ ಹಾಳೆ ತಿರುವಿ ಹಾಕಿದೆ.
ಪಾಳಿಯ ಗಂಟೆ ಇತ್ತು, ಬೂಟು ತಾವೇ ತರಬೇಕೆಂದಿತ್ತು,
ಕೈಗವಸು ಉಚಿತ.
ಇದೊಂದು ಇರಲಿಲ್ಲ.

ಕಾಳಿ ಸೇತುವೆಯಾಚೆ ಸದಾಶಿವಗಡ ಕಪ್ಪಾಗುವಾಗ
ಮೊದಲ ಖಾನೆಯಲ್ಲಿ ನಾರ್ವೆ ಎಂದು ಬರೆದು
ಕೋಡಿಬಾಗದ ಝೆರಾಕ್ಸ್ ಅಂಗಡಿಗೆ ಓಡಿದೆ.
ಷಟರ್ ಅರ್ಧ ಇಳಿಸಿದ್ದ.
ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ,
"ಪೆನ್ಸಿಲ್ ಅಕ್ಷರ ಏಳೂದಿಲ್ಲ ತಂಗಿ," ಎಂದ.

ಅವನ ಕಿವಿಯ ಮೇಲಿದ್ದ ಪೆನ್ನನ್ನೇ ಕೇಳಿ ಪಡೆದು
ಅದರ ಮೇಲೇ ತಿದ್ದಿದೆ.