ವಾಲ್ಯೂಮು ಸೊನ್ನಿ

ಹುಬ್ಬಳ್ಳಿ ಟೇಶನ್ ರೋಡಿನ ನಮ್ಮ ಲಾಡ್ಜಿನಾಗ
ರಾತ್ರಿ ಹತ್ತರ ಮ್ಯಾಲ ಟಿವಿಗೆ ಬಾಯಿಲ್ಲ.
ಹೆಬಸೂರ ಮಾಲಕರ ಕಾಯ್ದೆ:
ನೀ ಏನರ ನೋಡು, ಗಿರಾಕಿ ನಿದ್ದಿ ಕೆಡಬಾರದು.
ಹಿಂಗಾಗಿ ನಾ ಇಂಗ್ಲೀಷ್ ಕಲತದ್ದು
ಕಿವಿಲೆ ಅಲ್ಲ, ಕಣ್ಣಿಲೆ,
ಪರದೆ ತಳದಾಗ ಇರುವಿ ಸಾಲಿನಂಗ ಹರಿಯೂ
ಬಿಳೇ ಅಕ್ಷರ ನೋಡಿ.

ಪೊಲೀಸರ ಸೀರಿಯಲ್ಲು. ಥಂಡಿ ಊರು, ಉದ್ದನ್ನ ಕೋಟು,
ಒಬ್ಬಾಕಿ ಇನ್‌ಸ್ಪೆಕ್ಟರು;
ಆಕಿ ಕುಂತು ಉಂಡದ್ದು ನಾ ಎಂದೂ ನೋಡಲಿಲ್ಲ.
ರಿಜಿಸ್ಟರಿನ ಹಿಂದಿನ ಹಾಳಿಮ್ಯಾಲ ಬರಕೊಂಡೆ:
ನೆವರ್ ಮೈಂಡ್ ಅಂದ್ರ ಇರಲಿ ಬಿಡು.
ಆಫ್ಟರ್ ಯು ಅಂದ್ರ ನೀವು ಮುಂದ ನಡೀರಿ.
ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್ ಅಂದ್ರ...
ಇದನ್ನ ಲಾಡ್ಜಿನಾಗ ಅನಬಾರದು, ಬಾಡಿಗಿ ಕೊಡಾಂಗಿಲ್ಲ.

ಯಮನೂರಿ, ನಮ್ಮ ರೂಮ್ ಬಾಯ್, ವಯಸ್ಸು ಐವತ್ತೆರಡು,
ದಿಂಬಿನ ಚೀಲ ಮಡಚಗೋತ ಕೇಳತಾನ:
'ನೈಟ್' ಬರೀಬೇಕಾದ್ರ ನಡುವ ಜಿ, ಎಚ್ ಯಾಕ ಕುಂತಾವ್ರಿ?
ನಮ್ಮಂಗಽ, ಅಂದೆ.
ಅವೂ ರಾತ್ರಿ ಪಾಳಿ, ಸಪ್ಪಳ ಮಾಡೂ ಹಂಗಿಲ್ಲ.

ಎಪಿಸೋಡಿಗೊಂದು ಹೆಣ.
ಆಕಿ ಯಾರದೋ ಬಾಗಲಾ ಬಡೀತಾಳ, ಯಾರೋ ತೆಗೀತಾರ,
ತಳದಾಗ ಅಕ್ಷರ ಬರತಾವು:
ಐ ಆಮ್ ಸಾರಿ ಫಾರ್ ಯುವರ್ ಲಾಸ್.
ಲಾಸ್ ಅಂದ್ರ ನಾ ತಿಳದದ್ದು ಲುಕ್ಸಾನು,
ನಮ್ಮಪ್ಪ ಮೆಣಸಿನಕಾಯಿ ದಲಾಲಿಯೊಳಗ ಮಾಡಕೊಂಡದ್ದು.
ಮೂರನೇ ಹೆಣಕ್ಕ ತಿಳೀತು,
ಅವರು ಮನಶ್ಯಾನ್ನೂ ಅದಽ ಖಾತೆಕ್ಕ ಬರೀತಾರ.

ಒಂದು ಮಂಗಳವಾರ, ರಾತ್ರಿ ಎರಡೂವರಿ.
ನಾಮಕ್ಕಲ್ ಕಡೇ ಹಿರೇ ಮನಶ್ಯಾ ಒಬ್ಬಾಂವ ಬಂದ.
ಕನ್ನಡ ಇಲ್ಲ, ಹಿಂದಿ ಇಲ್ಲ. ಕೈಯಾಗ ಪ್ಲಾಸ್ಟಿಕ್ ಚೀಲ,
ಅದರಾಗ ಇಸ್ತ್ರಿ ಹೊಡದ ಬಿಳೇ ಅಂಗಿ, ಒಂದು ಪ್ಯಾಂಟು.
ಅಳತಿ ಅವಂದಲ್ಲ.
'ಬೈಪಾಸ್' ಅಂದ. 'ಲಾರಿ' ಅಂದ.
'ಮಾರ್ನಿಂಗ್, ಬಾಡಿ ಗಿವಿಂಗ್' ಅಂದ.
ರಿಜಿಸ್ಟರಿನಾಗ 'ಬಂದ ಕಾರಣ' ಅನ್ನೂ ಖಾನೆಯೊಳಗ
ನನ್ನ ಪೆನ್ನು ನಿಂತುಬಿಡ್ತು.

ಎದ್ದು ನಿಂತೆ, ಆಕಿ ಹೆಂಗ ನಿಲ್ಲತಾಳ ಹಂಗ,
ಎರಡೂ ಕೈ ಮುಂದ ಕಟಗೊಂಡು.
ಎಂದೂ ಕಿವಿಗೆ ಬೀಳದ ಮಾತನ್ನ
ಬಿಡಿ ಬಿಡಿಯಾಗಿ ಜೋಡಿಸಿ ಅಂದೆ:
ಐ. ಆಮ್. ಸಾರಿ. ಫಾರ್. ಯುವರ್. ಲಾಸ್.

ಅಂವ ನನ್ನ ನೋಡಿದ. ತಲಿ ಅಲ್ಲಾಡಿಸಿದ.
'ಲಾಸ್, ಲಾರಿ ಓನರ್' ಅಂದ.
'ಮೈನ್, ಓನ್ಲಿ ಸನ್.'

ಸೀರಿಯಲ್ಲಿನಾಗ ಈ ಮಾತು ಮುಗದಕೂಡಲೆ ಸೀನು ಕಟ್.
ಬಾಗಲದಾಗ ನಿಂತವರು ಮುಂದೇನ ಮಾಡಿದ್ರು
ನಾಕು ಸೀಸನ್ ಮುಗದ್ರೂ ತೋರಿಸಿಲ್ಲ.
ಇಲ್ಲೆ ಕಟ್ ಆಗಲಿಲ್ಲ.
ಫ್ಯಾನು ತಿರಗತಿತ್ತು. ಟೇಶನ್ನಿನಾಗ ಗೂಡ್ಸ್ ಗಾಡಿ ಶಂಟಿಂಗ್ ನಡದಿತ್ತು.
ಓನ್ಲಿ ಅಂದ್ರ ಒಬ್ಬನಽ ಮಗನೋ,
ಬರೇ ಮಗ, ಲಾರಿ ಅಲ್ಲ ಅಂತನೋ,
ಕೇಳೂವಷ್ಟು ಇಂಗ್ಲೀಷ್ ನನ್ನ ಹತ್ರ ಇರಲಿಲ್ಲ.
ಯಮನೂರಿ ಬಂದು ಚೀಲಾ ಇಸಗೊಂಡ,
ಅಂಗಿ ಇಸ್ತ್ರಿ ಮುರೀಬಾರದಂತ
ಅಂಗೈಮ್ಯಾಲ ತಾಟಿನಂಗ ಹಿಡಕೊಂಡು
'ಬರ್ರಿ ಯಜಮಾನ್ರ' ಅಂತ ಪಾವಟಿಗಿ ಹತ್ತಿದ.

ಆಮ್ಯಾಲ ಕಾಯ್ದೆ ಮುರದೆ.
ರಿಮೋಟ್ ಒತ್ತಿ ಸೊನ್ನಿಯಿಂದ ಮೂರಕ್ಕ ಏರಿಸಿದೆ.
ಹಳೇ ಎಪಿಸೋಡು ಹುಡುಕಿ ಆ ಬಾಗಲಕ್ಕ ಬಂದೆ.
ಆಕಿ ಅಂದ್ಲು. ಎಷ್ಟ ಲಗೂ ಅಂದ್ಲಪಾ!
ಆರು ಶಬ್ದ ಅಲ್ಲ, ಒಂದಽ ಉಸರು,
ಹೊಸ್ತಲದಾಗ ಬೂಟಿನ ಧೂಳಾ ಝಾಡಿಸಿದಂಗ.
ಇನ್ನೊಮ್ಮೆ ಹಚ್ಚಿದೆ.
ಮ್ಯಾಲ ಒಂಬತ್ತನೇ ನಂಬರಿನಾಗ
ನಳಾ ಬಿಟ್ಟ ಸಪ್ಪಳ, ಬಾಳೊತ್ತು, ಬಂದ್ ಮಾಡವಲ್ಲ.
ವಾಲ್ಯೂಮು ಸೊನ್ನಿಗೆ ಇಳಿಸಿದೆ.