ಕುದ್ರು ಎಣಿಸಿದ್ದು

ಅಂಡಮಾನಿಗೆಂದು ಕೂಡಿಟ್ಟ ದುಡ್ಡು
ಪಡನ್ನ ಕಡವಿನವರೆಗಷ್ಟೇ ಬಂತು.
ಚೀಲಕ್ಕೆ ಕಟ್ಟಿದ ಚಪ್ಪಲಿ ಬೆನ್ನು ತಟ್ಟುತ್ತಿತ್ತು.
ಸಫ್ವಾನನ ಉಮ್ಮ ಕಟ್ಟಿಕೊಟ್ಟ ಪತ್ತಿರಿ
ಮೊದಲ ದೋಣಿಯಲ್ಲೇ ಮುಗಿಯಿತು.

ಎಷ್ಟು ಕುದ್ರು ಇಲ್ಲಿ?
ದೋಣಿಯವ ನೀರು ನೋಡಿ ಕೇಳಿದ,
ಯಾವ ಹೊತ್ತಿಗೆ?
ನಾವು ನಕ್ಕೆವು.

ಬೆಳಿಗ್ಗೆ ಲವೀನ ಎಣಿಸಿದ್ದು ಏಳು.
ಸಂಜೆ ಇಳಿತಕ್ಕೆ ನನಗೆ ಸಿಕ್ಕಿದ್ದು ನಾಲ್ಕು.
ಜಗಳ. ನಕ್ಷೆ ಒದ್ದೆ,
ನಳಿನಾಕ್ಷನ ಮೊಬೈಲು ಸತ್ತಿತ್ತು.

ಮರುವಾಯಿ ಹೆಕ್ಕುವ ಹೆಂಗಸೊಬ್ಬಳು
ಲುಂಗಿ ಮೊಣಕಾಲಿಗೆತ್ತಿ
ಒಂದರಿಂದ ಇನ್ನೊಂದಕ್ಕೆ ನಡೆದೇ ಬಂದಳು,
ಬಾಯಲ್ಲಿ
ನಮಗೆ ಅರ್ಧ ಮಾತ್ರ ತಿಳಿವ ಬೈಗುಳ.
ಟೆಂಟು ಅವಳ ಬಲೆಯ ಮೇಲಿತ್ತು.

ರಾತ್ರಿ ಉಬ್ಬರ.
ನಾಲ್ವರೂ ಎದ್ದು ಚೀಲ ತಲೆಗೇರಿಸಿ
ಮೇಜಿನಷ್ಟು ಮರಳಿನ ಮೇಲೆ
ಒತ್ತಿಕೊಂಡು ನಿಂತೆವು.
ಯಾರೂ ಎಣಿಸಲಿಲ್ಲ.